ಹಳೇ ಪಿಸಿಯಲ್ಲಿ ಸುದ್ದಿ ಕೂಡಿಡುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಖೋಲಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇವತ್ತಿನ ಸುದ್ದಿಯಷ್ಟೇ ಸಾಲದು, ಆರು ತಿಂಗಳ ಹಿಂದಿನದೂ ಬೇಕಾದಾಗ ಸಿಗಬೇಕು. ಸುದ್ದಿತಾಣಗಳ ಆರ್‌ಎಸ್‌ಎಸ್ ಫೀಡ್ (ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ) ಇದಕ್ಕೆ ಅನುಕೂಲ; ತಾಣ ತನ್ನ ಹೊಸ ಸುದ್ದಿಗಳನ್ನು ತಂತ್ರಾಂಶಗಳು ಓದುವಂತೆ ಕೊಡುವ ಪಟ್ಟಿಯಿದು. ಆದರೆ ಫೀಡ್‌ನಲ್ಲಿ ಇರುವುದು ಸಾಮಾನ್ಯವಾಗಿ ಕೊನೆಯ ಕೆಲವೇ ಸುದ್ದಿ. ದಿನಕ್ಕೆ 60 ಸುದ್ದಿ ಹಾಕುವ ತಾಣದ ಫೀಡ್ 20ರದ್ದಾದರೆ ಎಂಟು ತಾಸಿನಲ್ಲಿ ಪೂರಾ ಬದಲಾಗಿರುತ್ತದೆ. ರಾತ್ರಿ ಯಂತ್ರ ಆಫ್ ಮಾಡಿ ಮಲಗಿದರೆ ಒಂದಿಷ್ಟು ಸುದ್ದಿ ಹೋದಂತೆಯೇ.

2 ಜಿಬಿ ರ್‍ಯಾಮ್‌ನ ಹಳೇ ಯಂತ್ರ ಸಾಕು, ಆದರೆ ಹಗಲೂ ರಾತ್ರಿ ಆನ್ ಇರಬೇಕು. ಲ್ಯಾಪ್‌ಟಾಪ್ ಇದ್ದರೆ ಅದರ ಬ್ಯಾಟರಿಯೇ ಯುಪಿಎಸ್. ಪಿಸಿಯಾದರೆ, ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಇದೆಯೇ ನೋಡಿ. ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಅದರ ಮೇಲೆ ತಂತ್ರಾಂಶಗಳನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಪೊಟ್ಟಣದಲ್ಲಿ ನಡೆಸುವ ಡಾಕರ್, ಅದರೊಳಗೆ ಫೀಡ್ ಓದಿ ಕೂಡಿಡುವ ಫ್ರೆಶ್‌ಆರ್‌ಎಸ್‌ಎಸ್. ಎಲ್ಲವೂ ಪುಕ್ಕಟೆ.

ಕಂಟೇನರ್ ಶುರು ಮಾಡುವಾಗ ನಾಲ್ಕು ಮಾತು ನೆನಪಿರಲಿ. ಅದರ ‘ಡೇಟಾ’ ಫೋಲ್ಡರನ್ನು ಹೊರಗಿನ ವಾಲ್ಯೂಮ್‌ಗೆ (ಕಂಟೇನರ್ ಹೋದರೂ ಡಿಸ್ಕಿನಲ್ಲಿ ಉಳಿಯುವ ಜಾಗ) ಜೋಡಿಸಿ; ಜೋಡಿಸದಿದ್ದರೆ ಮುಂದಿನ ಅಪ್‌ಡೇಟ್ ದಿನ ಕೂಡಿಟ್ಟದ್ದೆಲ್ಲ ಮಾಯ. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದಿರಲಿ, ಇಲ್ಲವಾದರೆ ಗಡಿಯಾರ ಐದೂವರೆ ತಾಸು ಹಿಂದೆ. ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಶುರು ಮಾಡುವ ಏರ್ಪಾಡು) ನಿಮಿಷ ‘13,43’ ಎಂದು ಕೊಟ್ಟರೆ ಅರ್ಧ ತಾಸಿಗೊಮ್ಮೆ ಫೀಡ್ ನೋಡಿ ಬರುತ್ತದೆ. ಇದನ್ನು ಖಾಲಿ ಬಿಟ್ಟರೆ ತಾನಾಗಿ ಏನೂ ತರುವುದಿಲ್ಲ. ಕರೆಂಟ್ ಹೋಗಿ ಬಂದಾಗ ಕಂಟೇನರ್ ಮತ್ತೆ ಏಳಲು ರೀಸ್ಟಾರ್ಟ್ ಪಾಲಿಸಿಯೂ ಬೇಕು. ಬ್ರೌಸರ್ ಒಳಬರುವ ಬಾಗಿಲಾಗಿ ಪೋರ್ಟ್ 8080 ಸಾಕು. ಒಂದೇ ವೈಫೈನಲ್ಲಿರುವ ಗೆಳೆಯರು ಮೊಬೈಲ್‌ನಲ್ಲೇ ತೆರೆಯಬಹುದು. ರೂಟರ್‌ನಲ್ಲಿ ಆ ಪೋರ್ಟನ್ನು ಹೊರಜಗತ್ತಿಗೆ ಮಾತ್ರ ತೆರೆಯಬೇಡಿ.

ಕ್ರಾನ್ ಸರಿಯಿದ್ದೂ ಸುದ್ದಿ ತಾಸಿಗೊಮ್ಮೆಯೇ ಬರುತ್ತಿದೆಯೇ? ಪ್ರತಿ ಫೀಡ್‌ಗೂ ಪ್ರತ್ಯೇಕ ಅವಧಿಯಿದೆ, ಶುರುವಿನಲ್ಲಿ ಅದು ಒಂದು ತಾಸು. ಬೇಗ ಬದಲಾಗುವ ಫೀಡ್‌ಗಷ್ಟೇ ಇಳಿಸಿ. ಐದು ನಿಮಿಷಕ್ಕೊಮ್ಮೆ ಬಾಗಿಲು ಬಡಿದರೆ 429 ದೋಷ ತೋರಿಸಿ ತಾಣವೇ ತಡೆಯಬಹುದು.

ಸೆಟ್ಟಿಂಗ್‌ನಲ್ಲಿರುವ ಆರ್ಕೈವಿಂಗ್ ಪುಟಕ್ಕೆ ಮೊದಲ ದಿನವೇ ಹೋಗಿ. ಹಳೆಯದನ್ನು ತಾನೇ ಅಳಿಸುವ ಏರ್ಪಾಡು ಅಲ್ಲಿರುತ್ತದೆ. ಕಾಲಮಿತಿ, ಸಂಖ್ಯಾಮಿತಿ ಎರಡರ ಟಿಕ್ಕನ್ನೂ ತೆಗೆಯಿರಿ. ಉಳಿಯುವುದು ಪಠ್ಯ ಮಾತ್ರ. ಚಿತ್ರಗಳು ಮೂಲತಾಣದಿಂದಲೇ ಬರುವುದರಿಂದ ಅಲ್ಲಿ ತೆಗೆದರೆ ಇಲ್ಲೂ ಇಲ್ಲ.

ಎರಡು ಸಾಲಿನ ಸಾರಾಂಶವಷ್ಟೇ ಕೊಡುವ ಫೀಡ್‌ಗೆ ಸಿಎಸ್‌ಎಸ್ ಸೆಲೆಕ್ಟರ್ (ಪುಟದ ಯಾವ ಭಾಗ ಬೇಕೆಂದು ಹೇಳುವ ಗುರುತು) ಕೊಡಬೇಕು. ಬ್ರೌಸರ್‌ನಲ್ಲಿ ಸುದ್ದಿ ತೆರೆದು, ಪ್ಯಾರಾದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ, ಎಲ್ಲ ಪ್ಯಾರಾಗಳನ್ನೂ ಸುತ್ತುವರಿದ ಡಬ್ಬಿಯ ಕ್ಲಾಸ್ ಹೆಸರು ಹುಡುಕಿ. ಹೆಸರಿಗೆ ಮೊದಲು ಚುಕ್ಕಿ ಇಡುವುದನ್ನು ಮರೆಯಬೇಡಿ. ತಾಣದ ವಿನ್ಯಾಸ ಬದಲಾದ ದಿನ ಮತ್ತೆ ಇದೇ ಕೆಲಸ.

ಹುಡುಕಾಟದಲ್ಲಿ ಕನ್ನಡದ್ದೇ ಒಂದು ತಕರಾರು. ‘ಗದಗ’ ಎಂದು ಹುಡುಕಿದರೆ ‘ಗದಗಿನ’ ಸಿಗುತ್ತದೆ, ‘ಗದುಗಿನ’ ಸಿಗದು. ‘ಜಿಎಸ್‌ಟಿ’, ‘ಜಿಎಸ್ಟಿ’ ನಮಗೆ ಒಂದೇ. ಮೊದಲನೆಯದರ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕುಳಿತಿರುವುದರಿಂದ ಯಂತ್ರಕ್ಕೆ ಬೇರೆ ಬೇರೆ. ಎರಡೂ ರೂಪ ಬರೆದು ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ‘OR’ ಹಾಕಿ, ಆ ಹುಡುಕಾಟವನ್ನೇ ಯೂಸರ್ ಕ್ವೆರಿಯಾಗಿ (ಮತ್ತೆ ಮತ್ತೆ ಬಳಸಬಹುದಾದ ಹುಡುಕಾಟ) ಉಳಿಸಿ.

ವಾರಕ್ಕೊಮ್ಮೆ ಕಂಟೇನರ್ ನಿಲ್ಲಿಸಿ ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕಂಟೇನರ್ ನಡೆಯುತ್ತಿರುವಾಗಲೇ ಎತ್ತಿದ, ಸುದ್ದಿಯೆಲ್ಲ ಇರುವ ಎಸ್‌ಕ್ಯೂಲೈಟ್ ಫೈಲು ಬೇಕಾದಾಗ ತೆರೆಯದೇ ಹೋಗಬಹುದು.