ಸ್ಪಿನ್ ಏಣಿಯಲ್ಲಿ ಸತು ಬೆರೆತಾಗ: ನನ್ನ ಲೆಕ್ಕದ ಅನುಭವ

ಶುದ್ಧ ಹರಳಿನಲ್ಲಿರುವ ಕ್ರಮವನ್ನು ಕಲ್ಮಶ ಕೆಡಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಸ್ಟ್ರಾನ್ಷಿಯಂ-ತಾಮ್ರದ ಆಕ್ಸೈಡ್ ಒಂದರಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯುತ್ತದೆ. ಅದರಲ್ಲಿ ಪುಟ್ಟ ಕಾಂತಗಳಂತೆ ವರ್ತಿಸುವ ತಾಮ್ರದ ಸ್ಪಿನ್‌ಗಳು ಎರಡು ಕಾಲಿನ ಏಣಿಯಂತೆ ಜೋಡಿಸಿಕೊಂಡಿದ್ದು, ಮೆಟ್ಟಿಲಿನ ಎರಡೂ ತುದಿಯ ಸ್ಪಿನ್‌ಗಳು ಬಹುಮಟ್ಟಿಗೆ ಒಂದರ ಕಾಂತತ್ವವನ್ನು ಇನ್ನೊಂದು ರದ್ದುಮಾಡುವ ಸಿಂಗ್ಲೆಟ್ ಜೋಡಿಯಾಗುವುದರಿಂದ ಎಷ್ಟು ತಂಪಾಗಿಸಿದರೂ ಕಾಂತೀಯ ಕ್ರಮ ಮೂಡುವುದಿಲ್ಲ. ಆದರೆ ತಾಮ್ರದ ಜಾಗದಲ್ಲಿ ಶೇ. 1ರಷ್ಟು ಸತು ಸೇರಿದರೆ ಆಂಟಿಫೆರೋಮ್ಯಾಗ್ನೆಟಿಕ್ ಕ್ರಮ (ನೆರೆಹೊರೆಯ ಸ್ಪಿನ್‌ಗಳು ಎದುರುಬದುರಾಗಿ ನಿಲ್ಲುವುದು) ಕಾಣಿಸುತ್ತದೆಂದು 1997ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇದನ್ನು ಮಡಿಕೇರಿಯ ನನ್ನ ಮನೆಯ ಸಾಧಾರಣ ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಮಾದರಿಗಳನ್ನು ಆಯ್ದು ಸರಾಸರಿ ತೆಗೆಯುವ ಕ್ವಾಂಟಮ್ ಮಾಂಟೆ ಕಾರ್ಲೊ ವಿಧಾನದಿಂದ ಲೆಕ್ಕ ಹಾಕಲು ಹೊರಟೆ.

ಕಕ್ಕಡದ (ಕೊಡಗಿನ ಜಡಿಮಳೆಯ ತಿಂಗಳು) ಮಳೆಗೆ ಮರ ಉರುಳಿ ತಂತಿ ಹರಿದರೆ ಇಲ್ಲಿ ಕರೆಂಟ್ ಯಾವಾಗ ಬರುವುದೆಂದು ಹೇಳಲಾಗದು. ಅದೃಷ್ಟಕ್ಕೆ, ಸತುವಿನ ಒಂದೊಂದು ಯಾದೃಚ್ಛಿಕ ಹಂಚಿಕೆಯೂ ಪ್ರತ್ಯೇಕ ಲೆಕ್ಕ. ಪ್ರತಿಯೊಂದರ ಬೀಜಸಂಖ್ಯೆಯನ್ನೂ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಸಂಖ್ಯೆ) ಫಲಿತಾಂಶವನ್ನೂ ಬೇರೆ ಬೇರೆ ಕಡತದಲ್ಲಿ ಉಳಿಸಿದರೆ, ನಿಂತಲ್ಲಿಂದ ಮುಂದುವರಿಸಬಹುದು.

ಸತುವಿಗೆ ಸ್ಪಿನ್ ಇಲ್ಲದ ಕಾರಣ ಅದರ ಎದುರಿನ ತಾಮ್ರ ಜೊತೆಗಾರನನ್ನು ಕಳೆದುಕೊಂಡು, ಅದರ ಸುತ್ತ 1/2 ಬೆಲೆಯ ಒಂದು ಸ್ಪಿನ್ ಬಿಡುಗಡೆಯಾಗುತ್ತದೆ. ಇಂಥ ಎರಡು ಸ್ಪಿನ್‌ಗಳ ನಡುವಣ ಬಂಧ ದೂರ ಹೆಚ್ಚಿದಂತೆ ಘಾತೀಯವಾಗಿ ಕುಗ್ಗುತ್ತದೆ; ಏಣಿಯ ಸ್ಥಾನಗಳನ್ನು ಚದುರಂಗದ ಮನೆಗಳಂತೆ ಕಪ್ಪು-ಬಿಳಿ ಎಂದು ವಿಂಗಡಿಸಿದರೆ ಸಿಗುವ ಎರಡು ಉಪಜಾಲರಿಗಳ ಪೈಕಿ ಅವೆರಡೂ ಒಂದರಲ್ಲೇ ಇದ್ದರೆ ಒಂದೇ ದಿಕ್ಕಿಗೆ, ಇಲ್ಲದಿದ್ದರೆ ಎದುರು ದಿಕ್ಕಿಗೆ ತಿರುಗುತ್ತವೆ. ಹಂಚಿಕೆ ಯಾದೃಚ್ಛಿಕವಾದರೂ ಬಂಧಗಳಲ್ಲಿ ಪರಸ್ಪರ ವಿರೋಧವಿಲ್ಲ ಎಂಬುದೇ ಇಲ್ಲಿಯ ಮರ್ಮ. ಮಾಂಟೆ ಕಾರ್ಲೊದಲ್ಲಿ ಋಣ ಚಿಹ್ನೆಯ ತೊಡಕು (ಸಂಭವನೀಯತೆಗಳು ಋಣವಾಗಿ ಲೆಕ್ಕ ಕೆಡುವುದು) ಬರದಿರುವುದೂ ಇದರಿಂದಲೇ.

ಪ್ರೋಗ್ರಾಂ ಸರಿಯಿದೆಯೇ ಎಂದು ಪರೀಕ್ಷಿಸಲು ಸಸೆಪ್ಟಿಬಿಲಿಟಿಯನ್ನು (ಕಾಂತಕ್ಷೇತ್ರಕ್ಕೆ ತೋರುವ ಸ್ಪಂದನದ ಅಳತೆ) ತಾಪಮಾನದಿಂದ ಗುಣಿಸಿ ನೋಡಿದೆ. ಬಿಡುಗಡೆಯಾದ ಸ್ಪಿನ್‌ಗಳು ಒಂಟಿಯಾಗಿರುವಾಗ ಒಂದೊಂದು ಸತುವಿಗೆ, ಸೂಕ್ತ ಏಕಮಾನದಲ್ಲಿ, 1/4 ಬರಬೇಕು. ಇನ್ನೂ ತಂಪಾದಾಗ ಅವು ಗುಂಪುಗೂಡುತ್ತವೆ. ಎಷ್ಟು ಸ್ಪಿನ್ ಮೇಲೆ, ಎಷ್ಟು ಕೆಳಗೆ ಎಂಬುದು ನಾಣ್ಯ ಚಿಮ್ಮಿ ಹೆಜ್ಜೆಯಿಡುವಂಥ ಯಾದೃಚ್ಛಿಕ ನಡಿಗೆಯಾದ್ದರಿಂದ ಬೆಲೆ 1/12ರ ಕಡೆಗೆ ಇಳಿಯುತ್ತದೆ. ಈ ಇಳಿತ ಹಂಚಿಕೆಯಿಂದ ಹಂಚಿಕೆಗೆ ಬಹಳ ವ್ಯತ್ಯಾಸವಾಗುವುದರಿಂದ, ಸರಾಸರಿಯೊಂದನ್ನೇ ಅಚ್ಚು ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಒಂಟಿ ಏಣಿಯಲ್ಲಿ ನಿಜವಾದ ಕ್ರಮ ಬರುವುದಿಲ್ಲವಾದ್ದರಿಂದ ಏಣಿಗಳ ನಡುವಿನ ದುರ್ಬಲ ಬಂಧವನ್ನು ಸರಾಸರಿ ಕ್ಷೇತ್ರವಾಗಿ (ನೆರೆಯ ಏಣಿಗಳ ಪ್ರಭಾವಕ್ಕೆ ಬದಲಾಗಿ ಅದರ ಸರಾಸರಿ) ಸೇರಿಸಿಕೊಂಡೆ. ನೆರೆಯ ಸ್ಪಿನ್‌ಗಳನ್ನು ಎದುರುಬದುರಾಗಿ ತಿರುಗಿಸುವ ಕ್ಷೇತ್ರಕ್ಕೆ ಶುದ್ಧ ಏಣಿ ತೋರುವ ಸ್ಪಂದನ ತಂಪಾದಂತೆ ಒಂದು ಮಿತಿಯಲ್ಲೇ ನಿಂತುಬಿಡುತ್ತದೆ. ಸತು ಸೇರಿದ ಏಣಿಯಲ್ಲಿ ಅದು ಬೆಳೆಯುತ್ತಲೇ ಹೋಗುವುದರಿಂದ, ನಡುವಿನ ಬಂಧ ಎಷ್ಟೇ ದುರ್ಬಲವಾಗಿದ್ದರೂ ಯಾವುದೋ ಒಂದು ತಾಪಮಾನದಲ್ಲಿ ಕ್ರಮ ನೆಲೆಗೊಳ್ಳುತ್ತದೆ.