ಸೈಲೆನ್ಸರ್ ಮಾರಿ ಗೇಜ್ ಕೊಂಡೆ: ನಂದಿ ಬೆಟ್ಟದ ತಿರುವಿನಲ್ಲಿ ನಾನು ಕಲಿತದ್ದು

ಹೋದ ತಿಂಗಳು ನನ್ನ ಭಾಮೈದ ನಂದಿ ಬೆಟ್ಟ ಇಳಿದು ಬಂದು, ಹೆಲ್ಮೆಟ್ ತೆಗೆದವನೇ, "ಭಾವ, ಯಾವ ಟೈರ್ ಹಾಕ್ಸಿದ್ದೀರ?" ಅಂದ. ಎರಡು ವರ್ಷದಿಂದ ನನ್ನ ಗಾಡಿಯನ್ನು ಹಾಲಿನ ಗಾಡಿ ಅಂತ ಆಡಿಕೊಂಡವನು ಇವನೇ. ಅವನದು 350 ಸಿಸಿ, ನನ್ನದು ಪಲ್ಸರ್ 150. ಅರ್ಧ ಬೆಟ್ಟ ಇಳಿಯುವಷ್ಟರಲ್ಲಿ ಅವನು ನನ್ನ ಕನ್ನಡಿಯಲ್ಲಿ ಕಾಣುತ್ತಲೇ ಇರಲಿಲ್ಲ. ನಾನೇನೂ ಜೋರಾಗಿ ಓಡಿಸಿರಲಿಲ್ಲ. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ಮೊದಲು ದುಡ್ಡು ಹಾಳು ಮಾಡಿಕೊಂಡ ಕಥೆ. ಗಾಡಿ ತಗೊಂಡಿದ್ದು 2019ರ ಮಳೆಗಾಲದಲ್ಲಿ. ಮೊದಲ ಆರು ತಿಂಗಳಲ್ಲೇ ಸೈಲೆನ್ಸರ್ ಬದಲಾಯಿಸಿದೆ, 4,500 ರೂಪಾಯಿ. ಎಲ್ಇಡಿ ಲೈಟು ಎರಡು, 2,000 ಚಿಲ್ಲರೆ. ಅದು ಬ್ಯಾಟರಿ ತಿಂದು ಹಾಕಿತು, ಅದಕ್ಕೆ ಇನ್ನೊಂದು 1,300. ಆಮೇಲೆ ಹಿಂದಿನ ಚಕ್ರಕ್ಕೆ ದಪ್ಪ ಟೈರ್. ಕಂಪನಿ ಕೊಟ್ಟಿದ್ದು 100/90, ಅಂದರೆ ನೂರು ಮಿಲಿಮೀಟರ್ ಅಗಲದ್ದು, ನಾನು ಹಾಕಿಸಿದ್ದು 130. ರಿಮ್ ಅದೇ ಹಳೇದು. ಹಿಂದಿನಿಂದ ನೋಡಿದರೆ ಗಾಡಿ ಭಾರಿ ಗತ್ತಾಗಿ ಕಾಣುತ್ತಿತ್ತು. ಆದರೆ ಕಿರಿದಾದ ರಿಮ್ಮಿನಲ್ಲಿ ಟೈರ್ ಎರಡೂ ಕಡೆಯಿಂದ ಹಿಸುಕಿದ ಹಾಗೆ ಕೂತಿತ್ತು. ಗಾಡಿ ವಾಲಿಸಲು ಹೋದರೆ ಮೊದಲು ಹಟ ಮಾಡುತ್ತಿತ್ತು, ಆಮೇಲೆ ದಬಕ್ಕನೆ ಬೀಳುತ್ತಿತ್ತು. ಸೈಲೆನ್ಸರ್ ಸದ್ದಿಗೆ ಒಂದು ಸಲ ದಂಡವನ್ನೂ ಕಟ್ಟಿದೆ. ಎಲ್ಲಾ ಸೇರಿ ಹದಿಮೂರು ಸಾವಿರಕ್ಕೆ ಕಮ್ಮಿ ಇಲ್ಲ.

ಬಿದ್ದಿದ್ದು ಒಂದು ಸೋಮವಾರ. ಬೆಟ್ಟದ ಮೇಲೆ ಒಂದು ಕೆಜಿ ಸೀಬೆಕಾಯಿ ತಗೊಂಡು ಹ್ಯಾಂಡಲ್‌ಗೆ ನೇತು ಹಾಕಿಕೊಂಡಿದ್ದೆ. ಇಳಿಜಾರಿನಲ್ಲಿ ಬಲಕ್ಕೆ ತಿರುಗಿ ಪೂರ್ತಿ ಹಿಂದಕ್ಕೆ ಮಡಚಿಕೊಳ್ಳುವ ಹೇರ್‌ಪಿನ್. ಎದುರಿಗೆ ಬಸ್ಸು. ಗಾಬರಿಯಲ್ಲಿ ಹಿಂದಿನ ಬ್ರೇಕ್ ತುಳಿದೆ. ಚಕ್ರ ಲಾಕ್ ಆಗದ ಹಾಗೆ ತಡೆಯೋ ಎಬಿಎಸ್ ಇದೆಯಲ್ಲ ಅಂತ ಧೈರ್ಯ. ಇದ್ದದ್ದು ಮುಂದಿನ ಚಕ್ರಕ್ಕೆ ಮಾತ್ರ ಅನ್ನೋದು ಹಿಂದಿನ ಚಕ್ರ ಲಾಕ್ ಆಗಿ ಪಕ್ಕಕ್ಕೆ ಬಂದಾಗ ಅರ್ಥವಾಯಿತು. ಸೀಬೆಕಾಯಿ ಒಂದೊಂದಾಗಿ ಬಸ್ಸಿನ ಕೆಳಗೆ ಉರುಳಿಕೊಂಡು ಹೋದವು. ಮೊಣಕಾಲಿಗೆ ಆರು ಹೊಲಿಗೆ, ಗಾಡಿಗೆ 3,800. ಹೆಲ್ಮೆಟ್ ಸರಿಯಾದದ್ದು ಇತ್ತು, ಬದುಕಿದೆ.

ಆಮೇಲೆ ಎಲ್ಲವನ್ನೂ ಬಿಚ್ಚಿ ಮಾರಿದೆ. ಸೈಲೆನ್ಸರ್ 1,500ಕ್ಕೆ ಹೋಯಿತು, ಟೈರ್ 1,200ಕ್ಕೆ. ಕಂಪನಿ ಸೈಜಿನದೇ ಎರಡು ಟೈರ್ ತಗೊಂಡೆ, ರಬ್ಬರ್ ಸ್ವಲ್ಪ ಮೆತ್ತಗಿರೋದು. ಜೋಡಿಗೆ ಐದು ಸಾವಿರದ ಹತ್ತಿರ. ಬೇಗ ಸವೆಯುತ್ತೆ, ನಿಜ. ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಕೋನ್ ಸೆಟ್ ಹೊಸದು, ಮುಂದಕ್ಕೆ ಬ್ರೇಕ್ ಪ್ಯಾಡು, ಹಿಂದಿನ ಬ್ರೇಕಿಗೆ ಲೈನರ್, ಬ್ರೇಕ್ ಆಯಿಲ್, ಎಲ್ಲಾ ಸೇರಿ 1,600 ಇರಬೇಕು. ಕೊನೆಗೆ ಟೈರಿನ ಗಾಳಿ ಅಳೆಯೋಕೆ 300 ರೂಪಾಯಿಯ ಒಂದು ಏರ್ ಗೇಜ್. ಪಂಚರ್ ಅಂಗಡಿಯವರು ಕೇಳಿದರೂ ಕೇಳದಿದ್ದರೂ 35 ಪಿಎಸ್ಐ ಗಾಳಿ ತುಂಬಿಸುತ್ತಾರೆ, ಅಲ್ವಾ? ನನ್ನ ಗಾಡಿಗೆ ಒಬ್ಬನೇ ಇದ್ದರೆ ಮುಂದೆ 25, ಹಿಂದೆ 28. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ನೋಡುತ್ತೇನೆ. ಗ್ರಿಪ್ ಜಾಸ್ತಿ ಆಗಲಿ ಅಂತ ಒಂದು ಸಲ 18ಕ್ಕೆ ಇಳಿಸಿಯೂ ನೋಡಿದೆ. ಗಾಡಿ ಕೆಸರುಗದ್ದೆಯಲ್ಲಿ ಎಮ್ಮೆ ನಡೆದ ಹಾಗೆ ಹೋಯಿತು. ಅದನ್ನು ಮಾಡಬೇಡಿ.

ಮುಂದಿನ ಫೋರ್ಕಿನ, ಅಂದರೆ ಮುಂದಿನ ಶಾಕ್ ಅಬ್ಸಾರ್ಬರಿನ ಆಯಿಲ್ ಕೂಡ ಬದಲಾಯಿಸಿದ್ದೇನೆ. ಯಾವುದು, ಎಷ್ಟು ಅನ್ನೋದನ್ನು ಇಲ್ಲಿ ಹೇಳಲ್ಲ. ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿ ಬಂದಿದ್ದು ಅದು.

ಈಗ ಎಲ್ಲರೂ ನಕ್ಕ ವಿಷಯಕ್ಕೆ ಬರುತ್ತೇನೆ. ಬಲಕ್ಕೆ ತಿರುಗಬೇಕಾದರೆ ಬಲಗಡೆ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಎಡಕ್ಕೆ ಎಡಗಡೆದು. ನಮ್ಮ ಮೆಕ್ಯಾನಿಕ್‌ಗೆ ಇದನ್ನು ಹೇಳಿದಾಗ, "ಅಣ್ಣ, ಬೆಳಿಗ್ಗೆನೇ ಹಾಕ್ಕೊಂಡ್ ಬಂದಿದ್ದೀರಾ?" ಅಂದ. ಯಾಕೆ ಹಾಗೆ ಅನ್ನೋದು ಬಿಡಿ. ಖಾಲಿ ರಸ್ತೆಯಲ್ಲಿ 40ರಲ್ಲಿ ನೇರ ಹೋಗುವಾಗ ಬಲ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಗಾಡಿ ಬಲಕ್ಕೇ ವಾಲುತ್ತೆ. ಗಾಡಿ ತಳ್ಳಿಕೊಂಡು ಹೋಗುವಾಗ ಇದು ನಡೆಯಲ್ಲ, ಸ್ವಲ್ಪ ವೇಗ ಬೇಕು. ನಾನು ಇದನ್ನು ಸಂತೆ ಇಲ್ಲದ ದಿನ ಮೈದಾನದಲ್ಲಿ ಸುಣ್ಣದ ಪುಡಿ ಹಾಕಿ, ಅರ್ಧ ಇಟ್ಟಿಗೆ ಇಟ್ಟು ಕಲಿತೆ. ಒಂದು ತಿಂಗಳು, ದಿನಾ ಅರ್ಧ ಗಂಟೆ. ಹುಡುಗರು ಕೂತು ನೋಡಿ ನಗುತ್ತಿದ್ದರು.

ಆಮೇಲೆ ಬೆಟ್ಟಕ್ಕೆ ಹೋದೆ. ಶನಿವಾರ ಭಾನುವಾರ ಬೆಂಗಳೂರಿನವರ ಜಾತ್ರೆ, ಅದಕ್ಕೆ ವಾರದ ಮಧ್ಯೆ ಹೋಗುತ್ತಿದ್ದೆ. ಹೇರ್‌ಪಿನ್ ಬರುವ ಮುಂಚೆಯೇ ಬ್ರೇಕ್ ಕೆಲಸ ಮುಗಿಸಿ, ಸೆಕೆಂಡ್ ಗೇರ್‌ಗೆ ತಂದು, ಆಮೇಲೆ ಬ್ರೇಕ್ ಮುಟ್ಟದೆ ಎಕ್ಸಿಲರೇಟರ್ ಒಂದೇ ಸಮ ಹಿಡಿಯೋದು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಉಳಿಯೋದು ಹತ್ತು ರೂಪಾಯಿ, ಬ್ರೇಕ್ ಬಿಸಿಯಾಗಿ ಹಿಡಿಯದೇ ಹೋದರೆ ಲೆಕ್ಕ ಬೇರೆ. ಕಣ್ಣು ತಿರುವಿನ ಕೊನೆಯಲ್ಲಿರಬೇಕು. ಬಸ್ಸನ್ನೇ ನೋಡುತ್ತಿದ್ದರೆ ಗಾಡಿ ಬಸ್ಸಿಗೇ ಹೋಗುತ್ತೆ. ಬಲ ತಿರುವಿನಲ್ಲಿ ಇನ್ನೊಂದು ಮೋಸ ಇದೆ. ಚಕ್ರ ನಮ್ಮ ಕಡೆಯೇ ಇರುತ್ತೆ, ವಾಲಿದಾಗ ತಲೆ ಮಾತ್ರ ಮಧ್ಯದ ಗೆರೆ ದಾಟಿ ಎದುರಿನವನ ಜಾಗದಲ್ಲಿರುತ್ತೆ. ಅದಕ್ಕೆ ರಸ್ತೆಯ ಕೊನೆ ಕಾಣುವವರೆಗೂ ಎಡದ ಅಂಚನ್ನು ಬಿಡಲ್ಲ.

ಮಗಳ ಡಬ್ಬಿಯಿಂದ ಸೀಮೆಸುಣ್ಣ ತಗೊಂಡು ಹಿಂದಿನ ಟೈರಿಗೆ ಅಡ್ಡಡ್ಡ ಗೆರೆ ಎಳೆದು ಒಂದು ದಿನ ಬೆಟ್ಟ ಹತ್ತಿ ಇಳಿದೆ. ವಾಲಿದಾಗ ಟೈರ್ ಎಲ್ಲಿಯವರೆಗೆ ರಸ್ತೆಗೆ ತಾಗುತ್ತೋ ಅಲ್ಲಿಯವರೆಗೆ ಗೆರೆ ಅಳಿಸುತ್ತೆ. ಕೆಳಗೆ ಬಂದು ನೋಡಿದರೆ ಎಡಗಡೆ ಒಂದು ಬೆರಳಿನಷ್ಟು ಗೆರೆ ಉಳಿದಿತ್ತು, ಬಲಗಡೆ ಮೂರು ಬೆರಳು. ಬಲಕ್ಕೆ ವಾಲಲು ನಾನು ಹೆದರುತ್ತಲೇ ಇದ್ದೆ. ಬಿದ್ದು ಒಂದೂವರೆ ವರ್ಷ ಆಗಿತ್ತು. ಭಯ ಹೋಗಿದೆ ಅಂತ ಊರೆಲ್ಲಾ ಹೇಳಿಕೊಂಡು ಓಡಾಡಿದ್ದೆ, ಟೈರು ಸುಳ್ಳು ಹೇಳಲಿಲ್ಲ. ಆಮೇಲೆ ಮೂರು ತಿಂಗಳು ಬರೀ ಬಲ ತಿರುವಿನ ಮೇಲೇ ಕೂತೆ. ಈಗ ಎರಡೂ ಕಡೆ ಒಂದೇ ಸಮ ಅಳಿಸುತ್ತೆ. ಪೂರ್ತಿ ಅಂಚಿನವರೆಗೆ ಅಳಿಸಬೇಕು ಅನ್ನೋ ಹುಚ್ಚು ನನಗಿಲ್ಲ. ಆ ಒಂದು ಬೆರಳು ಆಪತ್ತಿಗೆ ಇರಲಿ.

ಆದರೆ ರಸ್ತೆ ಸರಿ ಇಲ್ಲದಿದ್ದರೆ ಇದ್ಯಾವುದೂ ಉಪಯೋಗಕ್ಕೆ ಬರಲ್ಲ. ನಮ್ಮ ಕಡೆ ಕ್ರಷರ್ ಟಿಪ್ಪರ್‌ಗಳು ತಿರುವಿನಲ್ಲೇ ಎಂ-ಸ್ಯಾಂಡ್ ಚೆಲ್ಲಿಕೊಂಡು ಹೋಗುತ್ತವೆ. ಡಿಸೆಂಬರ್ ಜನವರಿಯಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಮುಗೀತು. ಆಯುಧ ಪೂಜೆಯ ಮಾರನೇ ದಿನ ಒಡೆದ ಬೂದುಗುಂಬಳಕಾಯಿ. ಆ ಪೂಜೆಗೆ ಅಂತಲೇ ವಾಟರ್ ಸರ್ವಿಸ್‌ಗೆ ಬಿಟ್ಟಾಗ ಹುಡುಗ ಟೈರಿಗೆಲ್ಲಾ ಪಾಲಿಶ್ ಬಳಿದಿದ್ದ, ರಸ್ತೆಗೆ ತಾಗುವ ಜಾಗಕ್ಕೂ. ಮನೆ ಗೇಟಿನ ಹತ್ತಿರವೇ ಜಾರಿದೆ. ಹೊಸ ಟೈರಿಗೂ ಅದೇ ಮಾತು, ಮೊದಲ ನೂರೈವತ್ತು ಕಿಲೋಮೀಟರ್ ಮೇಣ ಹಚ್ಚಿದ ಹಾಗಿರುತ್ತೆ. ಬೆಟ್ಟ 1,478 ಮೀಟರ್ ಎತ್ತರ. ಕೆಳಗೆ ರಸ್ತೆ ಒಣಗಿದ್ದರೂ ಮೇಲೆ ಮಂಜಿಗೆ ಒದ್ದೆಯಾಗಿರುತ್ತೆ. ಅಂಥ ದಿನ ನಾನು ಗಾಡಿ ವಾಲಿಸುವುದೇ ಇಲ್ಲ, ಆಟೋದ ಹಿಂದೆ ಹೋಗುತ್ತೇನೆ.

ಭಾಮೈದ ಆ ದಿನ ಊಟ ಮಾಡಿಕೊಂಡು ಹೋದ. ರಾತ್ರಿ ನೋಡಿದರೆ ಮಗಳ ಡಬ್ಬಿಯಲ್ಲಿ ಸೀಮೆಸುಣ್ಣ ಇಲ್ಲ. ಮೊನ್ನೆ ಫೋನ್ ಮಾಡಿ, "ಭಾವ, ನಂದು ಎಡಗಡೆನೇ ಅಳಿಸ್ತಿಲ್ಲ" ಅಂದ. ಫೋರ್ಕ್ ಆಯಿಲ್ ವಿಷಯವನ್ನೂ ಕೇಳಿದ. ಸಿಗ್ನಲ್ ಸರಿಯಿಲ್ಲ ಅಂದೆ.