ಫೋರ್‌ಸ್ಟ್ರೋಕ್ ಸ್ಟಾರ್ಟ್ ಆಗದಿದ್ದರೆ ನೀಡಲ್ ಬಿಡಿ, ವಾಲ್ವ್ ನೋಡಿ

ಮಾಡೆಲ್ ವಿಮಾನದ 20 ಸಿಸಿ ಪೆಟ್ರೋಲ್ ಫೋರ್‌ಸ್ಟ್ರೋಕ್ ಎಂಜಿನ್ ಏಳೆಂಟು ಗಂಟೆ ಓಡಿದ ಮೇಲೆ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೆ ಕಂಪ್ರೆಷನ್ನಿನ ಬಿಗಿತವಿಲ್ಲ. ಹೇಗೋ ಹತ್ತಿಕೊಂಡರೂ ಐಡಲ್ (ಥ್ರಾಟಲ್ ಇಳಿಸಿದಾಗಿನ ನಿಧಾನ ಓಟ) ನಿಲ್ಲದು.

ಪ್ಲಗ್ ಬದಲಿಸಿದೆ, ಹೊಸ ಪೆಟ್ರೋಲ್ ಬೆರೆಸಿದೆ, ಎರಡು ವಾರ ಕಾರ್ಬ್ಯುರೇಟರಿನ ನೀಡಲ್ (ಪೆಟ್ರೋಲಿನ ಹರಿವು ಹೊಂದಿಸುವ ಸ್ಕ್ರೂ) ತಿರುಚಿದೆ. ಇದ್ದ ಸೆಟ್ಟಿಂಗೂ ಕೆಟ್ಟಿತು.

ದೋಷವಿದ್ದದ್ದು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನಲ್ಲಿ. ಅದು ಸವೆದು ಸೀಟಿನಲ್ಲಿ ಕೂರುತ್ತಾ ಹೋದಂತೆ ರಾಕರಿನ (ವಾಲ್ವನ್ನು ಒತ್ತಿ ತೆರೆಯುವ ಸನ್ನೆ) ಸಂದು ಮುಚ್ಚಿಹೋಗಿ, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತಿತ್ತು; 0.04 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಕೂಡ ತೂರಲಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಇಗ್ನಿಷನ್ ಆಫ್ ಮಾಡಿ, ರಾಕರ್ ಕವರ್ ತೆಗೆದು, ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುತ್ತತುದಿಗೆ ತನ್ನಿ. ಪ್ರೊಪೆಲ್ಲರನ್ನು ಅತ್ತಿತ್ತ ತುಸು ಅಲುಗಿಸಿದಾಗ ರಾಕರ್‌ಗಳು ಕದಲದಿದ್ದರೆ ಅದೇ ಸರಿಯಾದ ಜಾಗ. ಕದಲಿದರೆ ಇನ್ನೊಂದು ಸುತ್ತು ತಿರುಗಿಸಬೇಕು. ಲಾಕ್‌ನಟ್ ಸಡಿಲಿಸಿ, 0.04ರ ಗೇಜ್ ಸಲೀಸಾಗಿ ಜಾರುವಂತೆ, 0.10ರದ್ದು ತೂರದಂತೆ ಸ್ಕ್ರೂ ಹೊಂದಿಸಿ (ನನ್ನ ಎಂಜಿನ್ನಿನ ಕೈಪಿಡಿಯ ಅಳತೆ ಇದು). ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿಬಿಡುತ್ತದೆ. ಅದನ್ನು ಹಿಡಿದುಕೊಂಡೇ ಬಿಗಿದು, ಮತ್ತೆ ಅಳೆಯಿರಿ.

ಕಾರ್ಬ್ಯುರೇಟರ್ ಆಮೇಲೆ. ಫುಲ್ ಥ್ರಾಟಲ್‌ನಲ್ಲಿ ಹೈ ನೀಡಲನ್ನು (ಪೂರ್ಣ ವೇಗದ ಪೆಟ್ರೋಲ್ ಹೊಂದಿಸುವುದು) ಗರಿಷ್ಠ ವೇಗದಿಂದ 200–300 ಆರ್‌ಪಿಎಂ ಇಳಿಯುವಷ್ಟು ತೆರೆಯಿರಿ. ಬಳಿಕ ಲೋ ನೀಡಲ್ (ನಿಧಾನ ವೇಗದ್ದು): ಥ್ರಾಟಲ್ ಏರಿಸಿದೊಡನೆ ಥಟ್ಟನೆ ನಿಂತರೆ ಎಂಟನೇ ಒಂದು ಸುತ್ತು ತೆರೆಯಿರಿ, ಗೊರಗುಟ್ಟಿ ತಡವಾಗಿ ಏರಿದರೆ ಅಷ್ಟೇ ಮುಚ್ಚಿ. ಪ್ರೊಪೆಲ್ಲರಿನ ಹಿಂದೆ ನಿಂತೇ ಇದನ್ನೆಲ್ಲ ಮಾಡಿ.